ನನ್ನ ಅಳತೆಯ ಮನೆ

ನನ್ನ ಮುದ್ದಿನ ಸೊಸೆಗೆ ನಿನ್ನ ಗಿಡ್ಡ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಸೌಖ್ಯ. ನೀನು ಆಸ್ಪತ್ರೆಯವರ ತರಬೇತಿಗೆ ಹೋದಾಗಿನಿಂದ ನಿನ್ನ ಗಂಡನೇ ಅಡುಗೆ ಮಾಡುತ್ತಿದ್ದಾನೆ. ಬಡಗಿಯಲ್ಲವೇ, ತರಕಾರಿಯನ್ನೂ ಗೆರೆ ಎಳೆದ ಹಾಗೆ ಹೆಚ್ಚುತ್ತಾನೆ. ಉಪ್ಪು ಮಾತ್ರ ದೇವರಿಗೇ ಪ್ರೀತಿ.

ಹೊರಡುವಾಗ ಬಾಗಿಲಲ್ಲಿ ನಿಂತು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಅತ್ತೆ, ಹಿತ್ತಲ ಮನೆ ಕಟ್ಟೋಕೆ ಮಾಡಿದ್ದ ಸಾಲ ತೀರಿತು. ಅದನ್ನ ಬಾಡಿಗೆಗೆ ಕೊಡಲೇಬೇಕು ಅಂತ ಇನ್ನಿಲ್ಲ. ನಿಮಗೆ ಅಲ್ಲಿರಬೇಕು ಅನ್ನಿಸಿದ್ರೆ ಬಿಡಿಸಿಕೊಡ್ತೀವಿ. ನಾನು ಬರೋದರೊಳಗೆ ಯೋಚನೆ ಮಾಡಿ" ಅಂದಿದ್ದೆ. ಎದುರಿಗೆ ಹೇಳಲು ನನಗೆ ಬಿಗುಮಾನ. ಅದಕ್ಕೇ ಈ ಕಾಗದ. ಅಕ್ಷರ ನಾನಾಗಿಯೇ ಕಲಿತದ್ದು, ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಆ ಮನೆ ಬೇಕೆಂದು ಹಟ ಹಿಡಿದವಳು ನಾನೇ. ನಿನ್ನ ಮಾವ ಹೋದ ಮೇಲೆ ಯಾರಿಗೂ ಭಾರವಾಗಬಾರದೆಂದು, "ನನಗೆ ನನ್ನದೇ ಒಂದು ಒಲೆ ಇರಲಿ" ಅಂದೆ. ಮಗ ನನ್ನನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಮೊಣಕೈ ಮಡಚಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ. ಅಡುಗೆ ಕಟ್ಟೆ, ಸಿಂಕು, ಕಪಾಟು, ಸ್ವಿಚ್ಚು ಎಲ್ಲ ನನ್ನ ಎತ್ತರಕ್ಕೇ. ಮಂಡಿನೋವಿನವಳೆಂದು ಬಾಗಿಲಿಗೆ ಹೊಸ್ತಿಲು ಇಡಲಿಲ್ಲ, ಮೆಟ್ಟಿಲ ಬದಲು ಇಳಿಜಾರು ಮಾಡಿದ. ಅಷ್ಟು ಪ್ರೀತಿಯಿಂದ ಕಟ್ಟಿದ ಮನೆಯೊಳಗೆ ಮೊದಲ ಸಲ ನಿಂತಾಗ ನನ್ನ ಎದೆ ಧಸಕ್ಕೆಂದಿತು ಕಣೇ. ದೊಡ್ಡ ಮನೆಯಲ್ಲಿ ಮೇಲಿನ ಡಬ್ಬಿ ಬೇಕಾದರೆ "ಯಾರಾದ್ರೂ ಬನ್ರೋ" ಅಂತ ಕೂಗುತ್ತೇನೆ. ನೀನು ಬರುತ್ತೀ, ಡಬ್ಬಿ ಇಳಿಸುತ್ತೀ, ಬಂದ ತಪ್ಪಿಗೆ ನಾಲ್ಕು ಮಾತಾಡಿ ಹೋಗುತ್ತೀ. ಆ ಮನೆಯಲ್ಲಿ ಎಲ್ಲವೂ ಕೈಗೆಟುಕುತ್ತಿತ್ತು. ಯಾರನ್ನು ಕರೆಯಲಿ?

ಆದರೆ ಆಡಿದ ಮಾತು ಆಡಿಯಾಗಿತ್ತು. ಪೆಟ್ಟಿಗೆ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಹೋಗಬೇಕಾದ ದಿನ ಬೆಳಿಗ್ಗೆ ನೀನು ಕೈ ಹಿಸುಕಿಕೊಳ್ಳುತ್ತ ಬಂದೆ. "ಅತ್ತೆ, ತಪ್ಪು ತಿಳೀಬೇಡಿ. ಕಂತು ಕಟ್ಟೋದು ಕಷ್ಟ ಆಗ್ತಿದೆ. ಸ್ವಲ್ಪ ದಿನ ಬಾಡಿಗೆಗೆ ಕೊಡೋಣ, ನೀವು ನಮ್ಮ ಜೊತೆನೇ ಸುಧಾರಿಸ್ಕೊಳ್ಳಿ." ನಾನು ಮುಖ ಊದಿಸಿಕೊಂಡು "ಹೂಂ, ನನ್ನ ಹಣೇಬರಹ" ಅಂದೆ. ಒಳಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು.

ನನ್ನ ಅಳತೆಯ ಮನೆ ಯಾರಿಗೆ ಹಿಡಿಸೀತು? ಬಾಡಿಗೆಗೆ ಮನೆ ನೋಡಲು ಬಂದ ಆ ಬಸ್ ಡ್ರೈವರ್ ನೆನಪಿದ್ದಾನಲ್ಲ, ಕಪಾಟಿಗೆ ಹಣೆ ಬಡಿಸಿಕೊಂಡು, "ಅಮ್ಮಾ, ಇಲ್ಲಿ ಪಾತ್ರೆ ತೊಳೀಬೇಕಾದ್ರೆ ಸೊಂಟ ಬಿಚ್ಚಿ ಪಕ್ಕಕ್ಕಿಡಬೇಕು" ಅಂದ. ಅವನ ಹೆಂಡತಿ, "ನೀವು ಯಾವತ್ತು ತೊಳೆದಿದ್ರಿ?" ಅಂದಳು. ನೀನು ನಕ್ಕೂ ನಕ್ಕೂ, "ಇನ್ನು ಟೇಪು ಹಿಡ್ಕೊಂಡೇ ಬಾಡಿಗೆಯವರನ್ನ ಹುಡುಕಬೇಕು ಅತ್ತೆ" ಅಂದೆ.

ಆಮೇಲೆ ಬಂದಳಲ್ಲ ಗಡಿಯಾರ ರಿಪೇರಿಯವಳು, ಗಾಲಿಕುರ್ಚಿಯಲ್ಲಿ. ಯಾರೂ ತಳ್ಳದೆ ಇಳಿಜಾರು ಹತ್ತಿ ಒಳಗೆ ಹೋದಳು. ನಲ್ಲಿ ತಿರುಗಿಸಿದಳು. ಕೂತಲ್ಲಿಂದಲೇ ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. "ಬೇರೇನೂ ನೋಡೋದು ಬೇಡ, ನಾನು ಬರ್ತೀನಿ" ಅಂದಳು. ಹುಟ್ಟಿದಾಗಿನಿಂದ ಎಲ್ಲದಕ್ಕೂ ಯಾರನ್ನೋ ಕರೆದು ಕರೆದು ಅವಳಿಗೆ ಸಾಕಾಗಿತ್ತಂತೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಮೊನ್ನೆ ಊಟಕ್ಕೆ ಕೂತಾಗ ನಿನ್ನ ಗಂಡ ಬಾಯಿ ಬಿಟ್ಟ. "ಆಗ ಕಂತಿಗೆ ಯಾವ ಕಷ್ಟನೂ ಇರಲಿಲ್ಲಮ್ಮ. ಬಾಡಿಗೆ ಬಂದು ಸಾಲ ಬೇಗ ತೀರಿದ್ದು ನಿಜ, ಅದು ಬೇರೆ. ನೀನು ಪೆಟ್ಟಿಗೆ ತುಂಬಿ ತೆಗೆಯೋದನ್ನ ಅವಳು ನೋಡಿದ್ಲು. ಹೋಗಬೇಡಿ ಅಂದ್ರೆ ಅತ್ತೆ ಹಟಕ್ಕೆ ಹೋಗೇ ಹೋಗ್ತಾರೆ, ನಮಗೆ ಕಷ್ಟ ಅಂದ್ರೆ ಉಳೀತಾರೆ ಅಂದ್ಲು."

ಅತ್ತೆಯ ಮನೆಯನ್ನೂ ಬಾಡಿಗೆಗೆ ಕೊಟ್ಟ ಆಸೆಬುರುಕಿ ಅಂತ ನೆಂಟರು ನಿನ್ನನ್ನು ಆಡಿಕೊಂಡಾಗಲೂ ನೀನು ನಕ್ಕು ಸುಮ್ಮನಾಗಿದ್ದೆ. ನನ್ನ ಮಾನ ಉಳಿಸಲು ನಿನ್ನ ಹೆಸರು ಕೆಡಿಸಿಕೊಂಡೆಯಲ್ಲ, ಮಗಳೇ. ನಿನ್ನ ಆ ಋಣ ಹೊತ್ತಿರುವುದೇ ನನಗೆ ಸುಖವಾಗಿದೆ.

ನನ್ನ ಉತ್ತರ ಇದು. ನಾನು ಎಲ್ಲಿಗೂ ಹೋಗುವುದಿಲ್ಲ. ಈ ಸಲ ಯಾವ ನೆಪವೂ ಬೇಡ. ನನಗೆ ನಿಮ್ಮ ಜೊತೆ ಇರಬೇಕು, ಅಷ್ಟೇ.

ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ಗಡಿಯಾರದವಳಿಗೂ "ನೀನು ಇಲ್ಲೇ ಇರಮ್ಮ" ಅಂದೆ. ಸಾಲ ತೀರಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಪಾಪ. ಕಣ್ಣಿಗೆ ಇಟ್ಟಿದ್ದ ಭೂತಗನ್ನಡಿ ತೆಗೆದು, ಬಹಳ ಹೊತ್ತು ಒರೆಸಿದಳು. ಆಮೇಲೆ, "ಹಾಗಾದ್ರೆ ಕಿಟಕಿಗೆ ಪರದೆ ಹೊಲಿಸ್ತೀನಮ್ಮ. ಇಷ್ಟು ದಿನ ಧೈರ್ಯ ಬಂದಿರಲಿಲ್ಲ" ಅಂದಳು. ಅವಳಿಗೆ ಹಳದಿ ಬೇಕಂತೆ. ಬೇಗ ಕೊಳೆಯಾಗುತ್ತೆ ಅಂತ ನನ್ನ ತಕರಾರು. ನೀನು ಬಂದು ತೀರ್ಪು ಕೊಡು.

ನಿನ್ನ ಹೊಟ್ಟೆ ತಣ್ಣಗಿರಲಿ, ಕಂದ. ನನ್ನ ವಯಸ್ಸಿಗೆ ಬಂದಾಗ ನಿನಗೂ ನಿನ್ನಂಥ ಸುಳ್ಳುಬುರುಕಿ ಒಬ್ಬಳು ಸಿಗಲಿ.

ಇಂತಿ, ಈ ಮನೆಯಲ್ಲೇ ಇರುವ
ನಿನ್ನ ಅತ್ತೆ