ಕ್ಯಾಸೆಟ್ಟಿನಲ್ಲಿಲ್ಲದ ಹತ್ತು ನಿಮಿಷ

ಎನ್.ಆರ್. ಕಾಲೋನಿ
೨೩ ನವೆಂಬರ್ ೨೦೨೫

ಪ್ರೀತಿಯ ಯಮುನಾ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ತಾನೆ? ನಿನ್ನ ಪಾರ್ಸೆಲ್ ಬಂದು ಎರಡು ತಿಂಗಳಾಯಿತು. ಕೈ ಸೇರಿತೆಂದು ಫೋನಿನಲ್ಲಿ ಒಂದು ಸಾಲು ಕಳಿಸಿ ಸುಮ್ಮನಾದೆ. ಮೈಸೂರಿನಲ್ಲಿ ಕೂತು ಬೈದುಕೊಂಡಿರುತ್ತೀಯ, ಬೈದುಕೋ. ಇಷ್ಟನ್ನೆಲ್ಲ ಫೋನಿನಲ್ಲಿ ಹೇಳಲಾಗುತ್ತಿರಲಿಲ್ಲ, ಅದಕ್ಕೇ ಕಾಗದ.

ನನ್ನ ಅರವತ್ತಕ್ಕೆ, ನನಗಿಷ್ಟವೆಂದು ಯಾವಾಗಲೋ ಹೇಳಿದ್ದ ಆ ಸಿನಿಮಾದ ಬ್ಲೂ-ರೇ ಡಿಸ್ಕನ್ನೇ ಹುಡುಕಿ ಕಳಿಸಿದೆಯಲ್ಲ, ಇದೆಲ್ಲ ಯಾರಿಗೆ ನೆನಪಿರುತ್ತದೆ! ಮಗಳು ಧೃತಿ ಮರುವಾರವೇ ಪ್ಲೇಯರ್ ತಂದು ಟಿ.ವಿ.ಗೆ ಜೋಡಿಸಿಕೊಟ್ಟಳು. ತಕರಾರು ತೆಗೆದವರು ನಮ್ಮ ಯಜಮಾನರು. ವಾದಿರಾಜ ಎಂಬ ಹೆಸರಿಗೆ ತಕ್ಕ ವಾದ. "ಬಣ್ಣ ಜಾಸ್ತಿ ಮಾಡಿರ್ತಾರೆ, ಮುಖ ಎಲ್ಲ ಮೇಣದ ಥರ ಕಾಣತ್ತೆ. ನಮ್ ಕ್ಯಾಸೆಟ್ಟೇ ಸಾಕು ಬಿಡೇ" ಅಂದರು.

ಆ ಕ್ಯಾಸೆಟ್ಟಿನ ವಿಷಯ ನಿನಗೆ ಹೇಳಿದ್ದೇನೋ ಇಲ್ಲವೋ. ತೊಂಬತ್ತೊಂದರಲ್ಲಿ ಒಂದು ಭಾನುವಾರ ಸಂಜೆ ದೂರದರ್ಶನದಲ್ಲಿ ಆ ಸಿನಿಮಾ ಬಂತು. ನಾನು ತವರಿನಲ್ಲಿದ್ದೆ, ಅಲ್ಲಿ ಟಿ.ವಿ. ಇರಲಿಲ್ಲ. ಇವರೊಬ್ಬರೇ ಕೂತು ನನಗಾಗಿ ರೆಕಾರ್ಡ್ ಮಾಡಿದರು. ನಡುವೆ ವಾರ್ತೆ ಬಂದಾಗ ನಿಲ್ಲಿಸುವುದನ್ನು ಮರೆತುಬಿಟ್ಟರು. ಹವಾಮಾನ, ಜಾಹೀರಾತು ಎಲ್ಲ ತುಂಬಿಕೊಂಡು, ಮೂರು ಗಂಟೆಯ ಕ್ಯಾಸೆಟ್ ಸಿನಿಮಾಕ್ಕಿಂತ ಹತ್ತು ನಿಮಿಷ ಮೊದಲೇ ಮುಗಿದುಹೋಯಿತು. ತಾಯಿ ಜ್ವರದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಆಸ್ಪತ್ರೆಗೆ ಹೊರಡುತ್ತಾಳೆ, ಅಷ್ಟೇ. ನಾನು ತವರಿನಿಂದ ಬಂದು ನೋಡಿದಾಗ ಮುಂದಿನದನ್ನು ಇವರು ಬಾಯಲ್ಲಿ ಹೇಳಿದರು: ಬೆಳಗಾಗುವಾಗ ಮಗು ಕಣ್ಣು ಬಿಡುತ್ತದೆ, ತಾಯಿಯ ಮೂಗುತಿ ಹಿಡಿದು ಎಳೆಯುತ್ತದೆ. ಆಮೇಲೆ ಎಷ್ಟು ಸಲ ನೋಡಿದರೂ ಹಾಗೆಯೇ, ಕ್ಯಾಸೆಟ್ ನಿಂತಲ್ಲಿಂದ ಇವರು ಶುರು. ಆ ಸಿನಿಮಾ ಟಿ.ವಿ.ಯಲ್ಲಿ ಮತ್ತೆ ಬಂದದ್ದನ್ನು ನಾನಂತೂ ಕಾಣೆ.

ಈ ಸಲ ವಿಸಿಆರ್ ಕೆಟ್ಟಿತ್ತು. ಹೊಸ ಡಿಸ್ಕ್ ಎದುರಿಗಿದ್ದರೂ ಇವರು ಆ ಡಬ್ಬವನ್ನು ಆಟೋದಲ್ಲಿ ಬಳೇಪೇಟೆಗೆ ಹೊತ್ತೊಯ್ದರು. ರಿಪೇರಿ ಮಾಡುವ ಶೀನಣ್ಣ, "ಸಾರ್, ಇದಕ್ಕೆ ಬೆಲ್ಟ್ ಸಿಗೋದೇ ಕಷ್ಟ. ಈಗ್ಯಾರ್ ನೋಡ್ತಾರೆ ಇದನ್ನ?" ಅಂದನಂತೆ. ಬಿಡಬೇಕಲ್ಲ ಇವರು, ನಾಲ್ಕು ಸಲ ಅಲೆದು ಸರಿಮಾಡಿಸಿಕೊಂಡೇ ಬಂದರು. ನನಗೆ ರೇಗಿತು. ಯಮುನಾ ಕಳಿಸಿದ್ದನ್ನು ಮೂಲೆಗೆ ಹಾಕಿ ಹಳೇ ಡಬ್ಬದ ಹಿಂದೆ ಸುತ್ತುತ್ತೀರಲ್ಲ ಎಂದು ಜಗಳವಾಡಿ ಎರಡು ದಿನ ಮಾತು ಬಿಟ್ಟೆ.

ಮೊನ್ನೆ ಮಂಗಳವಾರ ಇವರು ಪೆನ್ಷನ್ನಿಗೆ ಲೈಫ್ ಸರ್ಟಿಫಿಕೇಟ್ ಕೊಡಲು ಬ್ಯಾಂಕಿಗೆ ಹೋದರು. ನಾನು ಡಿಸ್ಕ್ ಹಾಕಿದೆ. ಅಬ್ಬಾ, ಏನು ಸ್ಪಷ್ಟ ಅಂತೀಯ! ಬೂದು ಎಂದುಕೊಂಡಿದ್ದ ಸೀರೆ ತಿಳಿ ಹಸಿರು. ಇನ್ನೊಂದು ನೋಡು, ಆ ತಾಯಿಗೆ ಮೂಗುತಿಯೇ ಇಲ್ಲ. ಮಸುಕು ಕ್ಯಾಸೆಟ್ಟಿನಲ್ಲಿ ಇಷ್ಟು ವರ್ಷ ನನಗದು ಗೊತ್ತೇ ಆಗಿರಲಿಲ್ಲ. ನೋಡುತ್ತಿದ್ದಂತೆ ಗಾಡಿ ಆಸ್ಪತ್ರೆ ಮುಟ್ಟಿತು. ಮಗು ಉಳಿಯುವುದಿಲ್ಲ, ಯಮುನಾ. ತಾಯಿ ಅದೇ ಗಾಡಿಯಲ್ಲಿ ಒಬ್ಬಳೇ ವಾಪಸ್ ಬರುತ್ತಾಳೆ.

ಇವರು ಬಂದಾಗ ಪರದೆಯ ಮೇಲೆ 'ಶುಭಂ' ಇತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಕೊನೇವರ್ಗೂ ನೋಡ್ದ್ಯಾ?"

"ನೋಡ್ದೆ."

"ಆವತ್ತು ಬೇರೆ ಏನ್ ಹೇಳ್ಲಿ ಹೇಳೇ ನಿಂಗೆ? ನನ್ ಕೈಲಾಗ್ಲಿಲ್ಲ."

ಯಾಕೆಂದು ನಾನು ಕೇಳಲಿಲ್ಲ. ಇಂಥ ಮನುಷ್ಯನ ಜೊತೆ ಮಾತು ಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. "ಸಂಜೆ ಕ್ಯಾಸೆಟ್ ಹಾಕ್ರೀ, ಕೊನೇದು ನೀವೇ ಹೇಳಿ" ಅಂದೆ. ಹಾಕಿದರು. ಹೇಳಿದರು.

ಇನ್ನು ಮೇಲೆ ಹಾಡುಗಳಿಗೆ ನಿನ್ನ ಡಿಸ್ಕ್, ಕಥೆಗೆ ಕ್ಯಾಸೆಟ್. ಬೇಜಾರು ಮಾಡಿಕೊಳ್ಳಬೇಡ. ನೀನು ಇದನ್ನು ಕಳಿಸದಿದ್ದರೆ ಇವರು ನನಗಾಗಿ ಏನು ಮಾಡಿದ್ದರೆಂದು ಸಾಯುವವರೆಗೂ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ನಿನಗೆ ಕೈಮುಗಿಯುತ್ತೇನೆ ಕಣೇ. ನಿನ್ನ ಮನೆ ತುಂಬ ನಗು ಇರಲಿ. ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಚೂಡಾಮಣಿ

ತಾ.ಕ.: ಆ ಕ್ಯಾಸೆಟ್ಟಿನ ವರ್ಷ 'ಹುಷಾರಿಲ್ಲ, ತವರಿಗೆ ಬಂದಿದ್ದೇನೆ' ಎಂದಷ್ಟೇ ನಿನಗೆ ಬರೆದಿದ್ದೆ. ಬಸುರಿ ಎಂದು ಮೊದಲೇ ತಿಳಿಸಿರಲಿಲ್ಲ, ಹೆತ್ತ ಮೇಲೆ ಹೇಳೋಣವೆಂದಿದ್ದೆ. ಗಂಡುಮಗು. ಹನ್ನೊಂದನೆಯ ದಿನಕ್ಕೆ ನಾಮಕರಣವಿತ್ತು, ಒಂಬತ್ತನೆಯ ದಿನ ಹೋಗಿಬಿಟ್ಟ. ವಸಿಷ್ಠ ಎಂದು ಇಡಬೇಕೆಂದಿದ್ದೆವು. ಆಮೇಲೆ ಆ ಹೆಸರನ್ನು ನಾನೂ ಇವರೂ ಒಮ್ಮೆಯೂ ಬಾಯಿಬಿಟ್ಟು ಅಂದಿಲ್ಲ, ಧೃತಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ನೀನೊಮ್ಮೆ ಜೋರಾಗಿ ಹೇಳೇ, ಯಮುನಾ. ಯಾರಾದರೊಬ್ಬರು ಅವನನ್ನು ಹೆಸರು ಹಿಡಿದು ಕರೆಯಲಿ.