ಬಗ್ಗಬಾರದ ಕಿರೀಟ

ಎಜ್‌ವೇರ್, ಲಂಡನ್
೧೫ ಅಕ್ಟೋಬರ್ ೨೦೨೫, ಬುಧವಾರ

ಪ್ರೀತಿಯ ಮಗ ಆಕಾಶನಿಗೆ,

ಮೊದಲು ನಿನ್ನ ಆರೋಗ್ಯದ ವಿಷಯ ಹೇಳು. ಕುತ್ತಿಗೆ ನೋವು ಕಡಿಮೆಯಾಯಿತೇ? ಅಷ್ಟು ಭಾರದ ಮಣಿಕಿರೀಟವನ್ನು ದಿನವಿಡೀ ಹೊತ್ತು ಕೂತರೆ ನೋಯದೆ ಇನ್ನೇನು? ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೊ. ಹೊಟ್ಟೆತುಂಬ ಊಟ ಮಾಡುತ್ತೀಯೋ ಇಲ್ಲವೋ? ರಾಜ ತಿನ್ನುವುದನ್ನು ಯಾರೂ ನೋಡಬಾರದು, ಬಾಗಿಲು ಹಾಕಿಕೊಂಡು ಒಬ್ಬನೇ ತಿನ್ನಬೇಕು ಅಂತ ಕೇಳಿದ್ದೇನೆ. ಚಿಕ್ಕವನಿದ್ದಾಗ ನಾನು ಒಗ್ಗರಣೆ ಹಾಕಲು ಎದ್ದು ಹೋದರೂ ತಟ್ಟೆ ಎತ್ತಿಕೊಂಡು ಹಿಂದೆಯೇ ಬರುತ್ತಿದ್ದವನು ನೀನು. ಇನ್ನು ನನ್ನ ಸಮಾಚಾರ. ನನ್ನ ಉತ್ತರಕ್ರಿಯೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಅದೊಂದನ್ನು ಬಿಟ್ಟರೆ ಕ್ಷೇಮವಾಗಿದ್ದೇನೆ. ಬಿಪಿ ಚೆನ್ನಾಗಿದೆ ಎಂದು ಮೊನ್ನೆ ಜಿಪಿ ಡಾಕ್ಟರು ಹೇಳಿದರು.

ವಾಟ್ಸ್ಯಾಪ್ ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬೇಡ. ನಿನ್ನ ಫೋನು ಅರಮನೆಯ ಕಾರ್ಯದರ್ಶಿಯ ಜೇಬಿನಲ್ಲಿರುತ್ತದೆ, ಬಂದ ಮೆಸೇಜನ್ನೆಲ್ಲ ಆತ ಓದಿ ನಿನಗೆ ಹೇಳುತ್ತಾನೆ. ಈ ಕಾಗದವನ್ನೂ ಒಡೆದು ನೋಡುತ್ತಾನೆ, ನೋಡಲಿ. ನಿಮ್ಮಪ್ಪನ ಊರಾದ ಇಡೀ ಒಕೆಲಾಡೆಯಲ್ಲಿ ಈ ಅಕ್ಷರ ಓದಬಲ್ಲವನು ರಾಜನೊಬ್ಬನೇ. ಶನಿವಾರ ಬೆಳಿಗ್ಗೆ ಉಳಿದ ಮಕ್ಕಳೆಲ್ಲ ಫುಟ್‌ಬಾಲ್ ಆಡುತ್ತಿದ್ದರೆ ನಾನು ನಿನ್ನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಕಾಗುಣಿತ ಬರೆಸುತ್ತಿದ್ದೆ. ವೈ ಡು ಐ ನೀಡ್ ದಿಸ್, ಅಮ್ಮಾ, ಎಂದು ನೀನು ಒದರುತ್ತಿದ್ದೆ. ಈಗ ಗೊತ್ತಾಯಿತಲ್ಲ.

ನಿನಗೆ ರಾಜ್ಯ ಬಂದಾಗ ನನಗೆ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಿಮ್ಮಪ್ಪ ಬಾಯೊ ತಮ್ಮದು ರಾಜಮನೆತನ ಎಂದು ಹೇಳಿದಾಗಲೆಲ್ಲ ನಾನು ಪಾತ್ರೆ ತೊಳೆಯಲು ಕೊಟ್ಟು ತಮಾಷೆ ಮಾಡುತ್ತಿದ್ದೆ. ಆ ಊರಿನಲ್ಲಿ ಮೂರು ಮನೆತನಗಳು, ಒಂದಾದ ಮೇಲೊಂದಕ್ಕೆ ಸಿಂಹಾಸನ. ಹೋದ ವರ್ಷ ಹಳೆಯ ರಾಜ ತೀರಿಕೊಂಡಾಗ ನಿಮ್ಮ ಮನೆಯ ಸರದಿ ಬಂತು, ಪುರೋಹಿತರು ಶಾಸ್ತ್ರ ಕೇಳಿದರು, ಏಳು ಜನ ದಾಯಾದಿಗಳಲ್ಲಿ ನಿನ್ನ ಹೆಸರೇ ಬಂತು. ಬಾಯೊ ಹೋಗಿ ಆರು ವರ್ಷವಾಗಿತ್ತು, ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಕೌನ್ಸಿಲ್‌ನ ಹೌಸಿಂಗ್ ವಿಭಾಗದಲ್ಲಿ ಕೂತು ಕಿಂಗ್ಸ್‌ಬರಿಯ ಫ್ಲಾಟುಗಳ ಮೇಲಿನ ಮಹಡಿಯವರಿಗೂ ಕೆಳಗಿನ ಮಹಡಿಯವರಿಗೂ ರಾಜಿ ಮಾಡಿಸುತ್ತಿದ್ದ ನೀನು ಪಟ್ಟಕ್ಕೆ ಮುಂಚಿನ ಮೂರು ತಿಂಗಳ ಏಕಾಂತವಾಸಕ್ಕೆ ಹೊರಟೆ. ನಾನು ಕಟ್ಟಿಕೊಟ್ಟ ಹುಳಿಪುಡಿಯನ್ನು ನಿಮ್ಮ ಮೊರೆನಿಕೆ ಅತ್ತೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟಳು. ಹೊರಗಿನವರು ಕೊಟ್ಟಿದ್ದು ರಾಜನ ಬಾಯಿಗೆ ಹೋಗಬಾರದಂತೆ.

ಹೊರಗಿನವರು! ಆ ಮಾತು ಆವತ್ತೇ ಚುಚ್ಚಿತ್ತು. ಆಮೇಲೆ ಆಕೆಯೇ ಫೋನ್ ಮಾಡಿ ಉಳಿದಿದ್ದನ್ನು ಹೇಳಿದಳು. ಕಿರೀಟ ಇಟ್ಟ ತಲೆ ಯಾರಿಗೂ ಬಗ್ಗಬಾರದು. ಮಗ ತಾಯಿಗೆ ಬಗ್ಗದೆ ಇರಲಾರ, ಆದ್ದರಿಂದ ರಾಜನಿಗೆ ತಾಯಿ ಇರಬಾರದು. ಹಿಂದಿನ ಕಾಲದಲ್ಲಾದರೆ ತಾಯಿಯನ್ನು ಮಲಗಿಸಿಬಿಡುತ್ತಿದ್ದರಂತೆ. ಏಳದ ಹಾಗೆ ಮಲಗಿಸುವುದು. ಈಗ ಕಾಲ ಸುಧಾರಿಸಿದೆ, ನೀನು ದೂರ ಇದ್ದರೆ ಸಾಕು ವತ್ಸಲಾ, ಎಂದಳು. ರಾಜಮಾತೆಯ ಜಾಗಕ್ಕೆ ಕುಲದ ಇನ್ನೊಬ್ಬ ಹೆಂಗಸನ್ನು ನೇಮಿಸುತ್ತಾರಂತೆ. ಯಾರನ್ನು ಎಂದು ಕೇಳಿದೆ. ನನ್ನನ್ನೇ, ಎಂದಳು. ಮಕ್ಕಳಿಲ್ಲದವಳು, ಮೂವತ್ತಾರು ವರ್ಷದ ಮಗ ಸಿಕ್ಕಿದ, ಅದೂ ರಾಜ. ನಾನು ಅಭಿನಂದನೆ ಹೇಳಿ ಫೋನಿಟ್ಟೆ.

ನೀನು ಒಳ್ಳೆಯ ರಾಜನಾಗಿದ್ದೀಯ ಎಂದು ಎಲ್ಲರೂ ಹೇಳುತ್ತಾರೆ. ಹದಿನೆಂಟು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಹೊಲದ ಗಡಿಯನ್ನು ನೀನೇ ನಡೆದು ಗುರುತು ಹಾಕಿ, ಇಬ್ಬರಿಗೂ ನಮ್ಮ ತಾಂಬೂಲದ ಹಾಗೆ ಅವರು ಕೊಡುವ ಕೋಲಾಕಾಯಿ ಒಂದನ್ನೇ ಒಡೆದು ಹಂಚಿದೆಯಂತೆ. ಸಂತೆಯ ಹೆಂಗಸರ ಮೇಲೆ ಬಿಸಿಲು ಬೀಳದ ಹಾಗೆ ಸೂರು ಹಾಕಿಸಿದೆಯಂತೆ. ನಿನ್ನ ಎದುರಿಗೆ ಎಪ್ಪತ್ತು ವರ್ಷದ ಗಂಡಸರು ನೆಲಕ್ಕೆ ಎದೆ ತಾಗಿಸಿ ಮಲಗಿ, ಕಬಿಯೆಸಿ, ನಿನ್ನನ್ನು ಪ್ರಶ್ನಿಸುವವರಿಲ್ಲ, ಎನ್ನುವ ವಿಡಿಯೋ ನೋಡಿದೆ. ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆಯಿತು.

ಆಗಸ್ಟಿನಲ್ಲಿ ನೀನು ಲಂಡನ್ನಿಗೆ ಬಂದೆ. ಹ್ಯಾರೋದ ಬ್ಯಾಂಕ್ವೆಟ್ ಹಾಲಿನಲ್ಲಿ ಒಕೆಲಾಡೆ ಸಂಘದವರ ಸನ್ಮಾನ. ನನ್ನ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಬರಬೇಡ ಎಂದು ಮೊರೆನಿಕೆ ಮೂರು ಸಲ ಹೇಳಿದ್ದಳು. ನಾನು ಮದುವೆಗೆ ಉಟ್ಟ ಮೈಸೂರು ರೇಷ್ಮೆ ಉಟ್ಟುಕೊಂಡು ಹೋದೆ. ಸಾವಿರ ಜನ ಒಂದೇ ಥರದ ನೀಲಿ ಬಟ್ಟೆಯಲ್ಲಿದ್ದರು, ನಾನೊಬ್ಬಳು ಹಸಿರು. ಕಹಳೆ, ಡೋಲು, ದೊಡ್ಡ ಛತ್ರಿ, ಅದರ ಕೆಳಗೆ ನೀನು. ಮುಖದ ಮೇಲೆ ಮಣಿಸರಗಳ ತೆರೆ ಇತ್ತು. ಆದರೆ ಎಡಗಾಲನ್ನು ಸ್ವಲ್ಪ ಹೊರಗೆ ಹಾಕುವ ನಿನ್ನ ನಡಿಗೆಯನ್ನು ಯಾವ ತೆರೆ ಮುಚ್ಚೀತು? ದಾರಿ ಬದಿಯಲ್ಲಿ ನಾನು ನಿಂತಿದ್ದೆ. ನೀನು ನಿಂತೆ. ನಿನ್ನ ಕೈ ಕೆಳಕ್ಕೆ ಹೋಯಿತು, ಸೊಂಟ ಬಗ್ಗಿತು, ಕಿರೀಟ ವಾಲಿತು, ನಿನ್ನ ಬೆರಳು ನನ್ನ ಚಪ್ಪಲಿಗೆ ಒಂದು ಗೇಣು ದೂರದಲ್ಲಿ ಕಾರ್ಪೆಟ್ ಮುಟ್ಟಿತು. ಡೋಲು ಒಂದೇ ಸಲಕ್ಕೆ ನಿಂತುಹೋಯಿತು. ಮೊರೆನಿಕೆ ನಿನ್ನ ರಟ್ಟೆ ಹಿಡಿದೆತ್ತಿದಳು.

ಹಳೆಯ ಅಭ್ಯಾಸ, ಕೈ ತಾನಾಗಿಯೇ ಹೋಯಿತು ಎಂದು ನೀನು ಅವರೆದುರು ಹೇಳಿಕೊಂಡೆಯಂತೆ. ಪರೀಕ್ಷೆಗೆ, ಇಂಟರ್‌ವ್ಯೂಗೆ, ಎಲ್ಲಿಗೆ ಹೊರಟರೂ ನನ್ನ ಕಾಲು ಮುಟ್ಟದೆ ಹೊಸಿಲು ದಾಟಲು ನಾನು ಬಿಟ್ಟವಳಲ್ಲ, ನಿಜ. ಆದರೆ ಮಗನೇ, ಅದು ಅಭ್ಯಾಸವಲ್ಲ. ನೀನು ಹತ್ತಿರ ಬಂದಾಗ ನಾನು ಮೆಲ್ಲಗೆ, ಕನ್ನಡದಲ್ಲಿ, ನಮಸ್ಕಾರ ಮಾಡು, ಎಂದೆ. ಆ ಸಾವಿರ ಜನರಲ್ಲಿ ಅದು ಅರ್ಥವಾದದ್ದು ನಿನಗೊಬ್ಬನಿಗೇ. ನಿಯಮ ನನಗೆ ಗೊತ್ತಿತ್ತು. ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಆದರೂ ಹೇಳಿದೆ. ಬಗ್ಗುತ್ತಾನೋ ಇಲ್ಲವೋ ನೋಡಬೇಕಿತ್ತು. ಬಗ್ಗಿದೆ. ಆ ಒಂದು ಗಳಿಗೆ ನನಗೆ ಎಷ್ಟು ಸುಖವಾಯಿತೆಂದು ಬರೆದರೆ ನಿನಗೆ ನನ್ನ ಮೇಲೆ ಅಸಹ್ಯ ಬಂದೀತು.

ಆಮೇಲಿನದು ನಿನ್ನ ಕೆಲಸ. ಕಿರೀಟ ಬಗ್ಗಿತು, ಇವನು ಇಳಿಯಲಿ, ಎಂದು ಎರಡನೇ ಮನೆತನದವರು ಗಲಾಟೆ ಎಬ್ಬಿಸಿದಾಗ ನಿನ್ನ ಹಿರಿಯರು ಒಂದು ದಾರಿ ಹುಡುಕಿದರು. ರಾಜನ ತಾಯಿ ಪಟ್ಟಾಭಿಷೇಕಕ್ಕೆ ಮುಂಚೆಯೇ ಲಂಡನ್ನಿನಲ್ಲಿ ತೀರಿಕೊಂಡಿದ್ದಾಳೆ, ಹಾಲಿನಲ್ಲಿದ್ದವಳು ಯಾರೋ, ರಾಜ ಎಡವಿದ್ದು ಕಾರ್ಪೆಟ್ಟಿಗೆ. ನೀನು ಹೂಂ ಎಂದೆ. ನನ್ನ ಫೋಟೋ ಹಾಕಿದ ದೊಡ್ಡ ಪೋಸ್ಟರನ್ನು ಮೊರೆನಿಕೆ ನನಗೇ ಕಳಿಸಿದಳು. ನಿನ್ನ ಪದವಿ ಸಮಾರಂಭದ ಫೋಟೋ ಅದು, ಪಕ್ಕದಲ್ಲಿದ್ದ ನಿನ್ನನ್ನು ಕತ್ತರಿಸಿ ನನ್ನನ್ನು ಮಾತ್ರ ಉಳಿಸಿದ್ದಾರೆ, ಭುಜದ ಮೇಲೆ ನಿನ್ನ ಕೈ ಹಾಗೆಯೇ ಇದೆ. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಉತ್ತರಕ್ರಿಯೆ, ಊಟಕ್ಕೆ ಮೂರು ಹಸು, ಬ್ಯಾಂಡ್ ಸೆಟ್. ರಾಜನಾದವನು ಹೆಣ ನೋಡಬಾರದು, ಸಾವಿನ ಮನೆಗೆ ಹೋಗಬಾರದು. ಹಾಗಾಗಿ ನೀನು ಹೋಗಲಿಲ್ಲ. ಪುಣ್ಯ, ನೋಡಲು ಅಲ್ಲಿ ಹೆಣವೂ ಇರಲಿಲ್ಲ.

ನನಗೆ ಇದು ಹೊಸದಲ್ಲ. ೧೯೮೭ರಲ್ಲಿ ನಾನು ಬಾಯೊನನ್ನು ಮದುವೆಯಾದೆ ಎಂದು ಮೈಸೂರಿಗೆ ಕಾಗದ ಬರೆದಾಗ ನಿನ್ನ ತಾತ ನರಸಿಂಹಮೂರ್ತಿಗಳು ಅದನ್ನು ಪೂರ್ತಿ ಓದಿ, ಮಡಿಸಿಟ್ಟು, ಹಿತ್ತಲಿಗೆ ಹೋಗಿ ತಲೆಗೆ ಸ್ನಾನ ಮಾಡಿ ನನ್ನ ಹೆಸರಿಗೆ ಎಳ್ಳುನೀರು ಬಿಟ್ಟರು. "ವತ್ಸಲಾ ಸತ್ಲು, ಇನ್ ಮೇಲೆ ಈ ಮನೇಲಿ ಅವಳ ಸುದ್ದಿ ಎತ್ಬೇಡಿ" ಎಂದರಂತೆ. ಅಪ್ಪ ಸತ್ತಾಗಲೂ ನನಗೆ ಯಾರೂ ಹೇಳಲಿಲ್ಲ, ಸತ್ತವಳಿಗೆ ಸಾವಿನ ಸುದ್ದಿ ಯಾಕೆ? ಆಗ ನಿನ್ನಪ್ಪನ ಎದೆಗೆ ಮುಖ ಇಟ್ಟು ಅತ್ತಿದ್ದೆ. ಈ ಸಲ ಅಳು ಬರಲಿಲ್ಲ. ಅಪ್ಪ ಜಾತಿಗೋಸ್ಕರ ನನ್ನನ್ನು ಸಾಯಿಸಿದರು, ಮಗ ಕಿರೀಟಕ್ಕೋಸ್ಕರ. ಅವರಾದರೂ ಸ್ವಂತ ಕೈಯಿಂದ ನೀರು ಬಿಟ್ಟರು.

ಸತ್ತವಳ ದಿನಚರಿ ಕೇಳು. ನಿಮ್ಮಪ್ಪನ ಸ್ನೇಹಿತರು ಎಜ್‌ವೇರ್ ಸ್ಟೇಷನ್ನಿನ ಎದುರು ಸಿಕ್ಕರೆ ರಸ್ತೆಯ ಆ ಕಡೆಗೆ ದಾಟುತ್ತಾರೆ. ಮೂವತ್ತು ವರ್ಷ ನನ್ನ ಕೈಯ ಬಿಸಿಬೇಳೆಬಾತ್ ಉಂಡವರು. ನೋಡಿದೆ ಎಂದರೆ ರಾಜನಿಗೆ ಕೇಡು, ಆದ್ದರಿಂದ ನೋಡುವುದೇ ಇಲ್ಲ. ಒಬ್ಬಾಕೆ ಮಾತ್ರ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಾ, ನನ್ನ ಮುಖ ನೋಡದೆ, ಚಳಿಗೆ ಸ್ವೆಟರ್ ಹಾಕಿಕೊ, ಎಂದು ಗೊಣಗಿ ಹೋದಳು.

ಎರಡನೇ ಮನೆತನದ ವಕೀಲ, ಒಲುಮಿಡೆ ಎನ್ನುವವನು, ಎರಡು ಸಲ ಫೋನ್ ಮಾಡಿದ. ನಾನು ಬದುಕಿದ್ದೇನೆ, ಹಾಲಿನಲ್ಲಿ ರಾಜ ಬಗ್ಗಿದ್ದು ನನಗೆ, ಎಂದು ನನ್ನ ಸಹಿ ಬೇಕಂತೆ. ಅದೊಂದು ಸಿಕ್ಕರೆ ನಿನ್ನ ಕಿರೀಟ ಹೋಗುತ್ತದೆ. ನಾಳೆ ಬೆಳಿಗ್ಗೆ ಮನೆಗೇ ಬರುತ್ತಾನೆ. ನೀನು ಹೆದರಬೇಡ. ನಾನು ವತ್ಸಲಾಳ ತಂಗಿ, ಅಕ್ಕ ಹೋಗಿಬಿಟ್ಟಳು, ಎಂದು ಹೇಳಿ ಕಳಿಸುತ್ತೇನೆ. ಬೈದೆ, ಚುಚ್ಚಿದೆ, ಮನಸ್ಸು ಸ್ವಲ್ಪ ಹಗುರವಾಯಿತು. ಆ ಅಣ್ಣತಮ್ಮಂದಿರ ಹೊಲ, ಆ ಹೆಂಗಸರ ಸೂರು, ಅವೆಲ್ಲ ನೀನಿದ್ದರೆ ಉಳಿಯುತ್ತವೆ. ಎರಡು ಸಲ ಸತ್ತವಳಿಗೆ ಮೂರನೆಯದೇನು ಕಷ್ಟ.

ಹೊತ್ತು ಹೊತ್ತಿಗೆ ಉಣ್ಣು. ಕುತ್ತಿಗೆ ನೋಡಿಕೊ. ಯಾರ ಕಣ್ಣೂ ನಿನಗೆ ತಾಗದಿರಲಿ, ನನ್ನದೂ.

ನಿನ್ನ ದಿವಂಗತ ಅಮ್ಮ,
ವತ್ಸಲಾ

ತಾ.ಕ. ಗುರುವಾರ, ಹನ್ನೊಂದೂವರೆ. ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಆ ವಕೀಲ ಬಂದು ಹೋದ. ನಿನ್ನದೇ ವಯಸ್ಸು, ಕೋಟು ಹಾಕಿದ್ದ. ತಂಗಿ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲು ತೆರೆದೆ. ಅವನು ಶೂ ಬಿಚ್ಚಿಟ್ಟ, ಗುಡ್ ಮಾರ್ನಿಂಗ್, ಮಾ, ಎಂದವನೇ ಅವರ ಪದ್ಧತಿಯಂತೆ ಬಗ್ಗಿ, ನನ್ನ ಕಾಲ ಹತ್ತಿರ ನೆಲ ಮುಟ್ಟಿದ. ಯಾರೂ ಅವನಿಗೆ ಹೇಳಿರಲಿಲ್ಲ. ನನ್ನ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. ನೂರ್ಕಾಲ ಬಾಳಪ್ಪ, ಎಂದುಬಿಟ್ಟೆ. ಆಮೇಲೆ ಸಹಿ ಹಾಕಿಕೊಟ್ಟೆ. ಕನ್ನಡದಲ್ಲೇ ಹಾಕಿದೆ, ನಿನ್ನ ಶಾಲೆಯ ರಿಪೋರ್ಟುಗಳ ಮೇಲೆಲ್ಲ ಹಾಕಿದ ಹಾಗೆ. ಮುಂದಿನ ವಾರ ಹಿರಿಯರ ಸಭೆಯಲ್ಲಿ ಆ ಕಾಗದವನ್ನು ನಿನ್ನ ಮುಂದೆಯೇ ಹಿಡಿಯುತ್ತಾರಂತೆ. ಅದನ್ನು ಓದಬಲ್ಲವನು, ಅದು ಯಾರ ಕೈಬರಹ ಎಂದು ಹೇಳಬಲ್ಲವನು ಅಲ್ಲಿ ನೀನೊಬ್ಬನೇ. ನಿನ್ನ ಅಮ್ಮನದೋ ಅಲ್ಲವೋ, ಎಲ್ಲರ ಎದುರು ನೀನೇ ಹೇಳು.