ತಂತಿಯ ಜೊತೆ ಬರುತ್ತೇನೆಂದವರಿಗೆ

ಅಲ್ಲಾಳಸಂದ್ರ
೧೦-೩-೧೯೬೪

ಮನೆಯ ಯಜಮಾನರಿಗೆ ಅಂಜಿನಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ಸಂಕ್ರಾಂತಿಗೇ ಬಂತು. ಉತ್ತರ ತಡವಾಯಿತೆಂದು ಕೋಪ ಬೇಡ. ಶರಾವತಿ ಕರೆಂಟಿನ ತಂತಿ ಎಳೆಯುತ್ತಾ ಬರುವ ಗ್ಯಾಂಗಿನ ಜೊತೆ ನಾನೂ ಬರುತ್ತೇನೆ ಎಂದು ಬರೆದಿದ್ದಿರಲ್ಲ, ಎದುರಿಗೇ ಮಾತಾಡೋಣ ಎಂದು ಸುಮ್ಮನಿದ್ದೆ. ವರ್ಷಗಟ್ಟಲೆ ಕಾದವಳಿಗೆ ಇನ್ನೆರಡು ತಿಂಗಳು ಯಾವ ಲೆಕ್ಕ?

ನಮ್ಮ ಮದುವೆಯ ವರ್ಷವೇ ನಿಮ್ಮ ವಿದ್ಯುತ್ ಇಲಾಖೆ ಮಂಡಳಿಯಾಯಿತು. ನಿಮಗೇ ಬಡ್ತಿ ಸಿಕ್ಕಿತೆಂಬಂತೆ ಊರವರೆಲ್ಲ ಬಂದು ನನ್ನನ್ನು ಹೊಗಳಿದರು. ಸಿಕ್ಕಿದ್ದು ಅದೇ ಖಾಕಿ ಅಂಗಿ, ಇನ್ನಷ್ಟು ದೂರದ ಕಂಬ. ಮೊದಲು ಹೆಬ್ಬಾಳ, ಯಶವಂತಪುರ ಅಂತ ಸೈಕಲ್ಲಿನಲ್ಲಿ ಹೋಗಿ ಸಂಜೆಗೆ ಮನೆ ಸೇರುತ್ತಿದ್ದಿರಿ. ಮಂಡಳಿ ಬೆಳೆದ ಹಾಗೆಲ್ಲ ನೀವು ದೂರವಾದಿರಿ. ಈಗ ನಮ್ಮ ಬೀದಿಗೂ ದೀಪ ಬಂದಿದೆ. ಅದರ ಕೆಳಗೆ ಹೆಂಗಸರು ಹರಟೆಗೆ ಕರೆಯುತ್ತಾರೆ, ನನಗೆ ಹೋಗಲು ಮನಸ್ಸಾಗುವುದಿಲ್ಲ.

ಹೋದ ತಿಂಗಳು ಕೆರೆಯಾಚೆ ದೊಡ್ಡ ಕಂಬಗಳು ಎದ್ದವು. ಗ್ಯಾಂಗು ಬಂತೆಂದು ನಾನು ಅವರೆಕಾಳು ಸಾರು ಮಾಡಿದೆ. ಬಾಗಿಲಿಗೆ ಬಂದವರು ನಿಮ್ಮ ಜೊತೆಗಾರ ರಹಮತುಲ್ಲಾ. "ಅಕ್ಕಾ, ಅವ್ನು ತಿಪಟೂರಲ್ಲೇ ಉಳ್ಕೊಂಡ. ಸಾಹೇಬ್ರನ್ನ ಕೇಳಿ ಅವ್ನೇ ಅಲ್ಗೆ ಹಾಕಿಸ್ಕೊಂಡ," ಎಂದರು.

ಅಷ್ಟರಲ್ಲಿ ಅತ್ತೆ ಗೋಡೆ ತಡವಿಕೊಂಡು ಬಂದರು. ಕಣ್ಣು ಪೂರ್ತಿ ಹೋಗಿದೆಯಲ್ಲ, ಕೈಗೆ ಖಾಕಿ ಅಂಗಿ, ಸೊಂಟದ ಬೆಲ್ಟು ಸಿಕ್ಕವು, ನೀವೇ ಎಂದುಕೊಂಡರು. "ಬಂದ್ಯೇನಪ್ಪಾ ಪಿಳ್ಳಣ್ಣ! ಯಾಕ್ಲಾ ಇಂಗೆ ಸೊರಗೋಗಿದ್ದೀಯಾ?" ಎಂದು ಅಲ್ಲೇ ದೃಷ್ಟಿ ತೆಗೆದರು. ನಾನು ಬಾಯಿ ತೆರೆದೆ. ರಹಮತುಲ್ಲಾ ಕೈಸನ್ನೆ ಮಾಡಿ, "ಬ್ಯಾಡ ಅಕ್ಕಾ, ಇರ್ಲಿ ಬಿಡಿ," ಎಂದು ಪಿಸುಗುಟ್ಟಿದರು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತುತ್ತು ಕೊಟ್ಟರು. ಪಾಪ, ಆ ಮನುಷ್ಯ ಕಣ್ಣೊರೆಸಿಕೊಳ್ಳುತ್ತಲೇ ಉಂಡರು. ಅಂದಿನಿಂದ ಕೆಲಸ ಮುಗಿಸಿ ದಿನಾ ಬಂದು ಅತ್ತೆಯ ಪಕ್ಕ ಕೂರುತ್ತಾರೆ.

ಅಲ್ಲಿ ನಿಮಗೆ ಅಡುಗೆ ಯಾರು ಮಾಡುತ್ತಾರೆ ಎಂದು ರಹಮತುಲ್ಲಾ ಅವರನ್ನು ಕೇಳಿದೆ. ತಲೆ ತಗ್ಗಿಸಿದರು. ನಾನು ಮುಂದೆ ಕೇಳಲಿಲ್ಲ. ನನ್ನ ಮೇಲಿನ ಮುನಿಸಾದರೆ ನನ್ನ ಮೇಲೇ ಇರಲಿ, ತಾಯಿಗಾಗಿ ಒಮ್ಮೆ ಬಂದು ಹೋಗಿ.

ಅತ್ತೆಯ ಆಶೀರ್ವಾದ ನಿಮಗಿದೆ. ದೇವರು ಚೆನ್ನಾಗಿಟ್ಟಿರಲಿ.

ಇಂತಿ,
ಅಂಜಿನಮ್ಮ

ಮತ್ತೆ: ಈ ಕಾಗದ ಅಂಚೆಗೆ ಹಾಕುವ ಮೊದಲೇ ಅತ್ತೆಗೆ ಜ್ವರ ಬಂತು. ಸೋಮವಾರ ಹೋಗಿಬಿಟ್ಟರು. ಟೆಲಿಗ್ರಾಂ ಕೊಟ್ಟು ಮಾರನೆಯ ದಿನದವರೆಗೂ ಕಾದೆವು. ನೀವು ಬರಲಿಲ್ಲ. ನಿಮ್ಮ ಚಿಕ್ಕಪ್ಪ ಹನುಮಯ್ಯನವರೇ ಕೊಳ್ಳಿ ಇಟ್ಟರು.

ಕೊನೆಯ ಗುಟುಕು ನೀರು ಬಿಟ್ಟವರು ರಹಮತುಲ್ಲಾ. ಪಿಳ್ಳಣ್ಣ, ಪಿಳ್ಳಣ್ಣ ಎಂದು ಅವರ ಕೈ ಹಿಡಿದೇ ಅತ್ತೆ ಕಣ್ಣು ಮುಚ್ಚಿದರು. ತಿಪಟೂರಿನಲ್ಲಿ ನಿಮಗೆ ಬೇರೆ ಸಂಸಾರವಿದೆ ಎಂದು ಆಮೇಲೆ ಅವರೇ ಅಳುತ್ತಾ ಹೇಳಿದರು. ನನಗೆ ಮೊದಲೇ ತಿಳಿದಿತ್ತು ಎಂದೆ. ಸುಳ್ಳು ಹೇಳಿದೆ.

ಅತ್ತೆಗಾದರೂ ಮಗ ಬಂದ. ನಾಳೆ ಗ್ಯಾಂಗು ಹೊರಡುತ್ತದೆ. ಗಂಡನ ಹೆಸರು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ. ಇನ್ನು ಈ ಮನೆಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.